ಎದುರಂಗಡಿಯ ಮಾತು

ಮೂವತ್ತೆಂಟು ವರ್ಷ ನಾನು ಜಾಹೀರಾತಿನ ಅನ್ನ ತಿಂದವನು. ಸೋಪಿನಿಂದ ಹಿಡಿದು ಸಿಮೆಂಟಿನವರೆಗೆ ಎಲ್ಲವನ್ನೂ ಹೊಗಳಿದ್ದೇನೆ. ಕೆಲವನ್ನು ಬಳಸದೆಯೇ ಹೊಗಳಿದೆ, ಕೆಲವನ್ನು ಬಳಸಿ, ಮನೆಯಿಂದ ಆಚೆ ಎಸೆದು, ಆಮೇಲೆ ಹೊಗಳಿದೆ. ನಿವೃತ್ತಿಯ ಹೊತ್ತಿಗೆ ಮನೆಮಂದಿಯೇ ನಡೆಸುವ ಅಂಗಡಿಗಳಿಗೆ ಸಲಹೆ ಕೊಡುವವನು ಎಂದು ಸ್ವಲ್ಪ ಹೆಸರೂ ಬಂದಿತ್ತು. ಅಪ್ಪ ಮಗ ಮುಖ ನೋಡದ ಜವಳಿ ಅಂಗಡಿ, ನಾಲ್ಕು ಜನ ಅಣ್ಣತಮ್ಮಂದಿರು ಒಂದೇ ಕುರ್ಚಿಯ ಮೇಲೆ ಕಣ್ಣಿಟ್ಟ ಹೋಟೆಲು, ಇಂಥವೇ ನನ್ನ ಗಿರಾಕಿಗಳು. ಅವರಿಗೆ ಹೇಳುತ್ತಿದ್ದದ್ದು ಹೆಚ್ಚೇನಲ್ಲ. ತಾತನ ಫೋಟೋ ಅಷ್ಟು ದೊಡ್ಡದು ಬೇಡ, ಕೊಳ್ಳಲು ಬಂದವನಿಗೆ ನಿಮ್ಮ ತಾತ ಯಾರೂ ಅಲ್ಲ. ಮನೆಯ ಜಗಳವನ್ನು ಅಂಗಡಿಯಲ್ಲಿ ಆಡಬೇಡಿ, ಸರಕಿಗಿಂತ ಮೊದಲು ಹೆಸರು ಕೆಡುತ್ತದೆ. ನಿಮ್ಮ ಬಗ್ಗೆ ನೀವೇ ಹೇಳಿಕೊಳ್ಳದಿದ್ದರೆ ಇನ್ಯಾರೂ ಹೇಳುವುದಿಲ್ಲ, ಆದ್ದರಿಂದ ಗಟ್ಟಿಯಾಗಿ ಹೇಳಿ. ಈ ಕೊನೆಯ ಮಾತಿಗೆ ಎಲ್ಲ ಕಡೆ ಚಪ್ಪಾಳೆ ಬೀಳುತ್ತಿತ್ತು. ಆ ಊರಿನಲ್ಲಿ ಮಾತ್ರ ಬೀಳಲಿಲ್ಲ.

ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಹುಡುಕಿಕೊಂಡು ಹೊರಡುತ್ತೀರಿ, ಸಿಗುವುದಿಲ್ಲ, ಆಮೇಲೆ ನನ್ನನ್ನು ಸುಳ್ಳುಗಾರ ಎನ್ನುತ್ತೀರಿ. ಆ ಮಾತನ್ನು ನಾನು ಈಗಾಗಲೇ ಬೇಕಾದಷ್ಟು ಕೇಳಿದ್ದೇನೆ. ಒಂದೇ ಒಂದು ಉದ್ದನೆಯ ಪೇಟೆಬೀದಿ, ಎರಡೂ ಬದಿಗೆ ಚರಂಡಿ, ಚರಂಡಿಯ ಮೇಲೆ ಅಂಗಡಿಗೊಂದು ಚಪ್ಪಡಿ, ಚಪ್ಪಡಿ ದಾಟಿದರೆ ಅಂಗಡಿಗಳು, ಒಂದರೆದುರು ಒಂದು. ವರ್ತಕರ ಸಂಘದ ಕಾರ್ಯದರ್ಶಿ ಫಕ್ರುದ್ದೀನ್ ಸಾಹೇಬರು ನನಗೆ ಕಾಗದ ಬರೆದು ಕರೆಸಿಕೊಂಡಿದ್ದರು. ಬಳೆ ವ್ಯಾಪಾರಿ. ಯಾರ ಕೈಯನ್ನೇ ನೋಡಿದರೂ ಅಳತೆ ಹೇಳಬಲ್ಲವರು, ನನ್ನ ಕೈ ಕುಲುಕಿದಾಗಲೂ ಮನಸ್ಸಿನಲ್ಲೇ ಅಳೆದರು. ಮೂರು ದಿನ ಇದ್ದು ಹೋಗುವುದೆಂದು ಮಾತಾಗಿತ್ತು. ಸಂಘದ ಹಾಲಿನಲ್ಲಿ ನಾನು ಭಾಷಣ ಮುಗಿಸಿ, ಕೊನೆಯ ಮಾತು ಹೇಳಿ, ಚಪ್ಪಾಳೆಗೆ ಕಾದೆ. ಯಾರೋ ಕೆಮ್ಮಿದರು.

ಫಕ್ರುದ್ದೀನ್ ಸಾಹೇಬರು ಎದ್ದು ನಿಂತು, "ಸಾರ್, ಎಲ್ಲಾ ಚೆನ್ನಾಗಿ ಹೇಳಿದ್ರಿ. ಆ ಕೊನೇದೊಂದು ಮಾತ್ರ ನಮ್ಮೂರಲ್ಲಿ ಆಗಲ್ಲ" ಎಂದರು. ಯಾಕೆ ಎಂದೆ. "ಕೆಟ್ಟೋಗುತ್ತೆ." ಏನು ಕೆಡುತ್ತದೆ ಎಂದೆ. "ಸಾಮಾನು" ಎಂದು ಹೇಳಿ ಕೂತುಬಿಟ್ಟರು. ಇಡೀ ಸಭೆ ತಲೆಯಾಡಿಸಿತು.

ನನಗೆ ನಗು ಬಂತು. ಹಳ್ಳಿ ವ್ಯಾಪಾರಿಗಳ ಸಂಕೋಚ ಬಿಡಿಸುವುದು ನನಗೇನು ಹೊಸದಲ್ಲವಲ್ಲ. ಅದೇ ದಿನ ಒಂದು ಬೇಕರಿಯವರಿಗೆ ಕರಪತ್ರ ಬರೆದುಕೊಟ್ಟೆ. 'ಕಚ್ಚಿದರೆ ಊರಿಗೆಲ್ಲ ಕೇಳಿಸುವ ಬಿಸ್ಕತ್ತು!' ಬೇಕರಿಯವರು ಬೇಡ ಬೇಡವೆಂದರೂ ಬೀದಿಯಲ್ಲಿ ನಿಂತು ನಾನೇ ಓದಿದೆ. ಮರುದಿನ ಬೆಳಿಗ್ಗೆ ಅವರ ಡಬ್ಬಿಗಳಲ್ಲಿದ್ದ ಬಿಸ್ಕತ್ತೆಲ್ಲ ನೆನೆದ ರಟ್ಟಿನಂತೆ ಬಾಗುತ್ತಿದ್ದವು. ಸಂಘದಿಂದ ಸಂಭಾವನೆ ತೆಗೆದುಕೊಂಡಿದ್ದೆನಲ್ಲ, ಹಾಗಾಗಿ ನಾನೂ ಮನೆಯವನ ಲೆಕ್ಕಕ್ಕೇ ಬಂದಿದ್ದೆ. ಉಪ್ಪು ತಿಂದವನ ಹೊಗಳಿಕೆಗೂ ಸರಕು ಕೆಡುತ್ತದೆ ಎಂದು ಬೇಕರಿಯವರು ಬೇಸರವಿಲ್ಲದೆ ವಿವರಿಸಿದರು. ಬೈದಿದ್ದರೇ ವಾಸಿಯಿತ್ತು. ಮೂರನೆಯ ದಿನ ಸಂಜೆಯ ಬಸ್ಸಿಗೆ ಹೋಗಬೇಕಾಗಿದ್ದವನು ಹೋಗಲಿಲ್ಲ, ಒಂದು ಗುಲಾಬಿ ಸುಗ್ಗಿ ಮುಗಿಯುವ ತನಕ ಅಲ್ಲೇ ಉಳಿದೆ.

ಆ ಊರಿನ ಕ್ರಮ ಇಷ್ಟು. ತನ್ನ ಸರಕನ್ನು ತಾನು ಹೊಗಳುವಂತಿಲ್ಲ, ಮನೆಯವರೂ ಹೊಗಳುವಂತಿಲ್ಲ. ಹೊಗಳಿದರೆ ಮರುದಿನ ಬೆಳಗಾಗುವಷ್ಟರಲ್ಲಿ ಅದು ಹಾಳು. ತೆಗಳಿದರೆ ಏನೂ ಆಗುವುದಿಲ್ಲ. ಹಾಗಾಗಿ ಅಲ್ಲಿನ ಬೋರ್ಡುಗಳನ್ನು ಓದುವುದೇ ಒಂದು ಮಜಾ. 'ಬಟ್ಟೆ ಅಂಗಡಿ. ಉಟ್ಟುಕೊಳ್ಳಬಹುದು.' 'ಕಾಫಿಪುಡಿ. ಪರವಾಗಿಲ್ಲ.' ಹಲ್ಲಿನ ಡಾಕ್ಟರೊಬ್ಬರ ಬೋರ್ಡಿನ ಮೇಲೆ 'ನೋಯುತ್ತದೆ' ಎಂದಷ್ಟೇ ಇತ್ತು. ಹೊಗಳುವ ಕೆಲಸ ಎದುರಂಗಡಿಯವರದು. ಬಟ್ಟೆ ಅಂಗಡಿಗೆ ಬಂದವರು ಬೀದಿ ದಾಟಿ ಎದುರಿನ ಪಾತ್ರೆ ಅಂಗಡಿಯಲ್ಲಿ ಕೇಳುತ್ತಾರೆ, "ಅವರ ಬಟ್ಟೆ ಹೇಗೆ?" ಪಾತ್ರೆಯವನು ಇದ್ದದ್ದು ಇದ್ದ ಹಾಗೆ ಹೇಳುತ್ತಾನೆ, ಯಾಕೆಂದರೆ ಅವನ ಪಾತ್ರೆಯ ಮಾತು ಬಟ್ಟೆಯವನ ಬಾಯಲ್ಲಿದೆ. ಅಕ್ಕಪಕ್ಕದವರು, ಗಿರಾಕಿಗಳು ಹೇಳಿದರೆ ಬೇಡವೆನ್ನುವುದಿಲ್ಲ, ಆದರೆ ನಡೆಯುವುದು ಎದುರಂಗಡಿಯ ಮಾತೇ. ಬೇರೆ ಊರಿನಲ್ಲಿ ಹೆಣ್ಣು ಕೊಡುವ ಮೊದಲು ಕುಲ ಕೇಳುವಂತೆ ಅಲ್ಲಿ ಎದುರಂಗಡಿಯವರ ಜೊತೆ ಹೇಗಿದ್ದಾರೆ ಎಂದು ಕೇಳುತ್ತಾರೆ.

ಮನೆಯವರು ಎಂದರೆ ಯಾರು ಎನ್ನುವುದನ್ನು ಅಲ್ಲಿ ರೇಷನ್ ಕಾರ್ಡು ಹೇಳುವುದಿಲ್ಲ, ಸರಕೇ ಹೇಳುತ್ತದೆ. ಹೊಸ ಅಳಿಯ ಮಾವನ ಅಂಗಡಿಯ ತುಪ್ಪವನ್ನು ಹೊಗಳಿದರೆ ಮೊದಲ ವರ್ಷ ಏನೂ ಆಗುವುದಿಲ್ಲವಂತೆ. ಎರಡನೆಯ ವರ್ಷ ತುಪ್ಪ ಕಮಟು ಹಿಡಿದರೆ ಅತ್ತೆ ಬೀದಿಗೆಲ್ಲ ಸಕ್ಕರೆ ಹಂಚುತ್ತಾಳೆ, ಅಳಿಯ ಒಗ್ಗಿಕೊಂಡ ಎಂದು. ಇದನ್ನೆಲ್ಲ ಹೇಳುವಾಗ ಯಾರೂ ದನಿ ತಗ್ಗಿಸುತ್ತಿರಲಿಲ್ಲ, ಕಣ್ಣರಳಿಸುತ್ತಿರಲಿಲ್ಲ. ನಲ್ಲಿಯಲ್ಲಿ ನೀರು ಯಾವಾಗ ಬರುತ್ತದೆ ಎಂದು ಹೇಳುವ ಹಾಗೆ ಹೇಳುತ್ತಿದ್ದರು.

ಹೊನ್ನಗಂಗಮ್ಮನನ್ನು ನೋಡಿದ್ದು ಎರಡನೆಯ ವಾರದಲ್ಲಿ. ಗುಲ್ಕಂದ ಮಾಡುವವಳು, ಐವತ್ತೆಂಟು ವರ್ಷ, ಬೆರಳ ತುದಿಗಳು ಸದಾ ಕೆಂಪು. ಗುಲಾಬಿ ಪಕಳೆ ಒಂದು ಪದರ, ಕಲ್ಲುಸಕ್ಕರೆ ಒಂದು ಪದರ, ಹೀಗೆ ತುಂಬಿದ ಜಾಡಿಗಳು ಅವಳ ಮಾಳಿಗೆಯ ಮೇಲೆ ನಲವತ್ತು ದಿನ ಬಿಸಿಲು ಕಾಯುತ್ತಿದ್ದವು. ಅಪ್ಪನಿಂದ ಬಂದ ಕಸುಬು. ಅಂಗಡಿಗೆ ಯಾರು ಬಂದರೂ ಅವಳು ಹೇಳುವುದು ಒಂದೇ ಮಾತು, "ಗುಲಾಬಿ, ಕಲ್ಲುಸಕ್ಕರೆ. ಬೇಕಾದ್ರೆ ತಗೊಳ್ಳಿ." ನಾನು ಒಂದು ಚಮಚ ಬಾಯಿಗಿಟ್ಟುಕೊಂಡೆ. ಹೊಗಳಲು ಬಾಯಿ ತೆರೆದವನ ಬಾಯಿಯ ಮೇಲೆ ಫಕ್ರುದ್ದೀನ್ ಸಾಹೇಬರು ಕೈ ಇಟ್ಟರು. ಜೀವಮಾನದಲ್ಲಿ ಹೊಗಳಬೇಕೆಂದು ನಿಜವಾಗಿ ಅನ್ನಿಸಿದ್ದು ಅದೊಂದೇ ಸಲ, ಅದೂ ಆಗಲಿಲ್ಲ.

ಅವಳ ಎದುರಂಗಡಿಯೂ ಗುಲ್ಕಂದದ್ದೇ. ಅದರ ಒಡೆಯ ಮೂಡಲಗಿರಿ, ಅವಳ ಒಡಹುಟ್ಟಿದ ತಮ್ಮ. ತಾಯಿಯಿಲ್ಲದ ಆ ಕೂಸನ್ನು ಹದಿನಾರು ವರ್ಷದ ಅಕ್ಕ ಸೊಂಟದ ಮೇಲೆ ಹೊತ್ತು ಬೆಳೆಸಿದ್ದಳು. ಮದುವೆಯನ್ನೂ ಆಗಲಿಲ್ಲ. ಈಗ ಅವರಿಬ್ಬರು ಮಾತು ಬಿಟ್ಟು ಹದಿನಾರು ವರ್ಷ. ಅವಳು ಎಂಟಕ್ಕೆ ಬಾಗಿಲು ತೆರೆದರೆ ಅವನು ಎಂಟೂವರೆಗೆ ತೆರೆಯುತ್ತಿದ್ದ, ಕಸ ಗುಡಿಸುವಾಗ ಮುಖಾಮುಖಿ ಆಗಬಾರದೆಂದು. ಆದರೆ ಮೋಡ ಕವಿದ ದಿನ ಅವಳು ಮಾಳಿಗೆ ಹತ್ತಿ, ಆಕಾಶಕ್ಕೆ ಹೇಳುವವಳಂತೆ, "ಮೋಡ ಆಯ್ತು!" ಎಂದು ಕೂಗುತ್ತಿದ್ದಳು. ಎದುರು ಮಾಳಿಗೆಯ ಮೇಲೆ ಅವನು ಓಡಿಬಂದು ತನ್ನ ಜಾಡಿಗಳಿಗೆ ಗೋಣಿ ಹೊದಿಸುತ್ತಿದ್ದ, ಯಾರೂ ಹೇಳದೆ ತನಗೇ ತೋಚಿದ ಹಾಗೆ.

ಜಗಳದ ಕಥೆಯನ್ನು ಅವಳೇ ಹೇಳಿದಳು, ಪಕಳೆ ಬಿಡಿಸುತ್ತಾ, ನನ್ನ ಮುಖ ನೋಡದೆ. ಭಾಷಣ ಮಾಡಿದವನೆಂದು ನನ್ನನ್ನು ಅವಳು ಮೇಷ್ಟ್ರೇ ಎಂದೇ ಕರೆಯುತ್ತಿದ್ದಳು. ಪರವೂರಿನವರು ಯಾರೋ ಮದುವೆಗೆಂದು ಗುಲ್ಕಂದ ಕೇಳಿಕೊಂಡು ಬಂದಿದ್ದರು. ಅವರಲ್ಲೊಬ್ಬಳು, ಮದುವೆಯಾಗದೆ ಉಳಿದವಳ ಕೈಯದು ಮದುವೆಗೆ ಯಾಕೆ ಎಂದಳು. "ನಾನು ಸುಮ್ನಿದ್ದೆ. ಅಂಥ ಮಾತು ಎಷ್ಟು ಕೇಳಿಲ್ಲ. ಇವನು ತಡ್ಕೊಳ್ಳಲಿಲ್ಲ ಮೇಷ್ಟ್ರೇ. ಬೀದೀಗೆ ಬಂದು ನಿಂತ್ಕೊಂಡು, ನಮ್ಮಕ್ಕನ ಕೈಯಂಥ ಕೈ ಏಳೂರಲ್ಲಿಲ್ಲ, ನಮ್ಮಕ್ಕನ ಗುಲ್ಕನ್ ದೇವರ ನೈವೇದ್ಯಕ್ಕಾಗುತ್ತೆ, ಅಂತ ಕೂಗಿದ. ಕೂಗಿದ್ದೇ ಕೂಗಿದ್ದು." ಬೆಳಗಾಗುವಷ್ಟರಲ್ಲಿ ಜಾಡಿಗಳೆಲ್ಲ ಕಪ್ಪಾಗಿ, ಹುಳಿಹೆಂಡದ ನಾತ ಬೀದಿ ತುಂಬಿತ್ತು. ಆ ಜಾಡಿಗಳಲ್ಲಿ ಅಪ್ಪ ಸಾಯುವ ಮುಂಚೆ ತುಂಬಿಟ್ಟಿದ್ದ ಕೊನೆಯ ನಾಲ್ಕೂ ಇದ್ದವು. "ಅದನ್ನ ನೋಡಿ ನನಗೆ ಬುದ್ಧಿ ನೆಟ್ಟಗಿರಲಿಲ್ಲ. ನೀನು ನನ್ನ ತಮ್ಮನೇ ಅಲ್ಲ, ಆಚೆ ಹೋಗು ಅಂದೆ. ಹೋದ. ಎಲ್ಲಿಗೆ ಹೋದ ಅಂತೀರಾ, ಎದುರುಗಡೆಗೆ."

ಇಬ್ಬರಿಗೂ ಎದುರಂಗಡಿಯ ಮಾತಿಲ್ಲ. ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿದ್ದರು, ಹೊಸಬರು ಬರುತ್ತಿರಲಿಲ್ಲ. ಗಿರಿಗಾದರೂ ವಯಸ್ಸಿತ್ತು, ಸಂತೆಗೆ ಹೊತ್ತುಕೊಂಡು ಹೋಗಿ ಮಾರುತ್ತಿದ್ದ. ಹೊನ್ನಗಂಗಮ್ಮನಿಗೆ ಆ ಶಕ್ತಿಯಿರಲಿಲ್ಲ. ಆ ವರ್ಷ ಒಬ್ಬ ಸಗಟು ವ್ಯಾಪಾರಿ ಕಾಗದ ಬರೆದಿದ್ದ, ಹನ್ನೊಂದು ಊರಿನ ಬೀಡಾ ಅಂಗಡಿಗಳಿಗೆ ಮಾಲು ಕೊಡುವವನು. ಈ ಸುಗ್ಗಿಯ ನಲವತ್ತು ಜಾಡಿಯನ್ನೂ ಎತ್ತುತ್ತೇನೆ, ಮುಂದಿನ ವರ್ಷದ್ದಕ್ಕೂ ಈಗಲೇ ಮಾತು ಕೊಡುತ್ತೇನೆ, ಆದರೆ ನಿಮ್ಮೂರಿನ ಕ್ರಮದ ಪ್ರಕಾರ ಎದುರಂಗಡಿಯವರ ಮಾತು ಕೇಳಬೇಕು, ಒಂದು ಬೆಳಗು ಕಳೆದ ಮೇಲೆ ಮಾಲು ನೋಡಬೇಕು. ಇದು ತಪ್ಪಿದರೆ ಅಂಗಡಿ ಮುಚ್ಚುವುದೇ ಎಂದು ಅವಳು ನಿಶ್ಚಯ ಮಾಡಿದ್ದಳು. ಹೂವಿನ ತೋಟದವರು ಆಗಲೇ ಗುಲಾಬಿ ಕಿತ್ತು ಬೇರೇನೋ ಹಾಕುವ ಮಾತಾಡುತ್ತಿದ್ದರು.

ನಾನು ಒಂದು ರಾತ್ರಿ ನಿದ್ದೆಗೆಟ್ಟು ಯೋಚಿಸಿ, ನನ್ನ ಜೀವಮಾನದ ಅತ್ಯುತ್ತಮ ಐಡಿಯಾ ಎಂದುಕೊಂಡು ಅವಳ ಬಳಿ ಹೋದೆ. "ನೋಡಿ ಗಂಗಮ್ಮ, ಒಂದೇ ಸರಕಿನ ಎರಡು ಅಂಗಡಿ ಎದುರುಬದುರು ಇದ್ದರೆ ವ್ಯಾಪಾರ ಅರ್ಧ ಆಗೋದಿಲ್ಲ, ಎರಡರಷ್ಟಾಗುತ್ತದೆ. ಗುಲ್ಕಂದ ಅಂದರೆ ಈ ಬೀದಿ ಅಂತ ಆಗುತ್ತದೆ. ಅವರು ನಿಮ್ಮ ಬಗ್ಗೆ ಒಂದು ಮಾತು ಹೇಳಲಿ, ನೀವು ಅವರ ಬಗ್ಗೆ ಒಂದು ಹೇಳಿ" ಎಂದೆ. ಅವಳು ಪಕಳೆ ಬಿಡಿಸುವುದನ್ನು ನಿಲ್ಲಿಸಿ, "ಅವನು ಹೇಳಿದ್ರೆ ಕೆಡುತ್ತಲ್ಲ ಮೇಷ್ಟ್ರೇ" ಎಂದಳು. ಯಾಕೆ ಕೆಡಬೇಕು ಎಂದೆ. ಹದಿನಾರು ವರ್ಷ ಆಯಿತು. ಒಲೆ ಬೇರೆ, ಜಗಲಿ ಬೇರೆ, ಪಾಲಿನ ಕಾಗದಕ್ಕೆ ಇಬ್ಬರೂ ರುಜು ಹಾಕಿದ್ದೀರಿ, ಅವರ ಮದುವೆಗೆ ನೀವು ಹೋಗಲಿಲ್ಲ, ನಿಮಗೆ ಜ್ವರ ಬಂದಾಗ ಅವರು ಬರಲಿಲ್ಲ. ಇನ್ನು ಮನೆಯವರು ಎಲ್ಲಿಂದ ಬಂತು? ಇದನ್ನೆಲ್ಲ ನಾನು ಬೆರಳು ಮಡಿಸಿ ಮಡಿಸಿ ಹೇಳಿದೆ. ನೆನೆಸಿಕೊಂಡರೆ ಈಗ ನನಗೇ ನಾಚಿಕೆಯಾಗುತ್ತದೆ. ಅವಳು ನನ್ನ ಮಡಿಸಿದ ಬೆರಳುಗಳನ್ನೇ ನೋಡುತ್ತಿದ್ದು, "ಹೌದಲ್ವಾ, ಕೆಡೋದಕ್ಕೆ ಏನು ಉಳಿದಿದೆ" ಎಂದಳು. ಒಪ್ಪಿಗೆ ಸಿಕ್ಕಿತು ಎಂದು ನಾನು ಖುಷಿಪಟ್ಟೆ.

ಗಿರಿ ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ಅಕ್ಕನದೇ ಮೂಗು, ಅಕ್ಕನದೇ ಹಟ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಜಾಡಿಯ ಬಾಯಿಗೆ ಬಟ್ಟೆ ಬಿಗಿಯುತ್ತಾ, "ಸಾರ್, ನಾನು ಒಂದು ಸಲ ಬಾಯಿ ಬಿಟ್ಟಿದ್ದಕ್ಕೆ ಏನಾಯ್ತು ಅಂತ ಊರೇ ನೋಡಿದೆ. ಇನ್ನೊಂದು ಸಲ ಬಿಟ್ಟು ಅದೂ ಕೆಟ್ರೆ ಅವಳ ಅನ್ನ ಹೋಗುತ್ತೆ" ಎಂದ. ಕೆಡುವುದಿಲ್ಲ ಎಂದೆ. "ಕೆಡದಿದ್ರೆ..." ಎಂದು ಅವನು ನಿಲ್ಲಿಸಿದ. "ಕೆಡದಿದ್ದರೆ ವ್ಯಾಪಾರ!" ಎಂದು ನಾನೇ ಪೂರ್ತಿ ಮಾಡಿದೆ. ಅವನು ನನ್ನ ಕಡೆ ತಿರುಗಿ, ನಿಮ್ಮ ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ಕೇಳಿದ. ಯಾರೂ ಇಲ್ಲ ಎಂದೆ. ಹೂಂ ಎಂದ. ನಾಲ್ಕು ದಿನ ಬಿಟ್ಟು ಅವನೇ ಬಂದು, ಆ ವ್ಯಾಪಾರಿ ಬರುವ ದಿನ ಹೇಳಿಕಳಿಸಿ, ಹೇಳುತ್ತೇನೆ ಎಂದ.

ವ್ಯಾಪಾರಿ ಬಂದದ್ದು ಒಂದು ಗುರುವಾರ ಇಳಿಹೊತ್ತಿಗೆ. ಬಿಳಿ ಸಫಾರಿ ತೊಟ್ಟ, ಕೆಲಸಕ್ಕೆ ಬೇಕಾದ್ದಕ್ಕಿಂತ ಒಂದು ಮಾತು ಹೆಚ್ಚಾಡದ ಮನುಷ್ಯ. ಹೊನ್ನಗಂಗಮ್ಮ ತನ್ನ ಅಂಗಡಿಯ ಬಾಗಿಲಲ್ಲಿ ನಿಂತಿದ್ದಳು, ತಲೆ ಬಾಚಿಕೊಂಡು, ಇಸ್ತ್ರಿ ಮಾಡಿದ ಸೀರೆ ಉಟ್ಟು. ಬೀದಿಯವರು ತಮ್ಮ ತಮ್ಮ ಅಂಗಡಿಯಲ್ಲೇ ನಿಂತು ಬೇರೇನೋ ಮಾಡುತ್ತಿರುವಂತೆ ನೋಡುತ್ತಿದ್ದರು. ವ್ಯಾಪಾರಿ ಬೀದಿ ದಾಟಿ ಗಿರಿಯನ್ನು ಕೇಳಿದ, "ಎದುರಿನವರ ಮಾಲು ಹೇಗೆ?" ಗಿರಿ ಮೆಟ್ಟಿಲಿಳಿದು ಚಪ್ಪಡಿಯ ಮೇಲೆ ನಿಂತ. "ಇವರ ಗುಲ್ಕನ್ನು ನಾನು ಮಾಡೋದಕ್ಕಿಂತ ಚೆನ್ನಾಗಿರುತ್ತೆ. ನನಗೆ ಕೆಲಸ ಕಲಿಸಿದ್ದೂ ಇವರೇ. ಇವರದ್ದನ್ನ ಕಣ್ಣು ಮುಚ್ಕೊಂಡು ತಗೋಬಹುದು" ಎಂದ.

ಇವರು ಎಂದ. ಹದಿನಾರು ವರ್ಷ ಏನೂ ಅನ್ನದವನು, ಅಂದಾಗ ಇವರು ಎಂದ. ಹೊನ್ನಗಂಗಮ್ಮ ಸೆರಗನ್ನು ಸರಿಮಾಡಿಕೊಂಡು, ಪರಕೀಯರಿಗೆ ಮಾಡುವ ಹಾಗೆ ಅವನಿಗೆ ಕೈಮುಗಿದು ಒಳಗೆ ಹೋದಳು. ವ್ಯಾಪಾರಿ, ಬೆಳಿಗ್ಗೆ ಒಂಬತ್ತಕ್ಕೆ ಬರುತ್ತೇನೆ ಎಂದು ಹೇಳಿ ಲಾಡ್ಜಿನ ಕಡೆ ನಡೆದ. ನಾನು ಫಕ್ರುದ್ದೀನ್ ಸಾಹೇಬರಿಗೆ, "ನೋಡಿದ್ರಾ, ಹೇಗೆ?" ಎಂದೆ. ಅವರು ಒಂದು ಡಜನ್ ಬಳೆಯನ್ನು ದಾರಕ್ಕೆ ಪೋಣಿಸಿ, ಗಂಟು ಹಾಕಿ, "ನಾಳೆ ನೋಡೋಣ ಸಾರ್" ಎಂದರು. ಅವರ ಮುಖದಲ್ಲಿ ನನಗೆ ಬೇಕಾಗಿದ್ದ ಮೆಚ್ಚಿಗೆ ಇರಲಿಲ್ಲ.

ಮರುದಿನ ಏಳು ಗಂಟೆಗೇ ಅವಳ ಬಾಗಿಲು ತಟ್ಟಿದೆ. ಅವಳಾಗಲೇ ಎದ್ದು, ನಲವತ್ತು ಜಾಡಿಯನ್ನೂ ಬೀದಿಬದಿಯ ಕೋಣೆಯಲ್ಲಿ ಸಾಲಾಗಿ ನಿಲ್ಲಿಸಿದ್ದಳು, ಆದರೆ ಒಂದರ ಬಟ್ಟೆಯನ್ನೂ ಬಿಚ್ಚಿರಲಿಲ್ಲ. "ನೀವೇ ನೋಡಿ ಮೇಷ್ಟ್ರೇ. ನನಗೆ ಆಗಲ್ಲ" ಎಂದಳು. ಮೊದಲನೆಯದನ್ನು ಬಿಚ್ಚಿದೆ. ಕೋಣೆಯೆಲ್ಲ ಗುಲಾಬಿ. ಚಮಚದಲ್ಲಿ ತೆಗೆದು ಬಾಯಿಗಿಟ್ಟುಕೊಂಡೆ. ಮೊದಲ ದಿನ ತಿಂದದ್ದಕ್ಕಿಂತ ಒಂದು ತೂಕ ಮೇಲಿತ್ತು. ಎರಡನೆಯದು, ಮೂರನೆಯದು, ಹತ್ತನೆಯದು. ಎಲ್ಲವೂ ಹಾಗೇ. ನಾನು ಕುಣಿಯುವುದೊಂದು ಬಾಕಿ. "ಗೆದ್ದಿರಿ ಗಂಗಮ್ಮ! ಒಂದೂ ಕೆಟ್ಟಿಲ್ಲ" ಎಂದೆ.

ಅವಳು ಗೋಡೆಗೊರಗಿ ಹಾಗೆಯೇ ನೆಲದ ಮೇಲೆ ಕೂತಳು. "ಒಂದೂ ಇಲ್ವಾ? ಆ ಮೂಲೇದು ನೋಡಿ." ನೋಡಿದೆ, ಚೆನ್ನಾಗಿತ್ತು. "ಅದರ ಹಿಂದೆ ಸಣ್ಣದೊಂದಿದೆ ನೋಡಿ. ತಳದಿಂದ ತೆಗೀರಿ, ಮೇಲಿಂದ ಗೊತ್ತಾಗಲ್ಲ." ತಳದಿಂದ ತೆಗೆದೆ, ಅದೂ ಚೆನ್ನಾಗಿತ್ತು. ಅವಳು ಒಂದೊಂದೇ ಜಾಡಿಯನ್ನು ತೋರಿಸುತ್ತಾ ಹೋದಳು, ನಾನು ಒಂದೊಂದೇ ಚೆನ್ನಾಗಿದೆ ಎನ್ನುತ್ತಾ ಹೋದೆ. ಮೂವತ್ತು ದಾಟಿದ ಮೇಲೆ ನನ್ನ ದನಿ ಸಣ್ಣದಾಯಿತು. ಅವಳು ಏನನ್ನು ಹುಡುಕಿಸುತ್ತಿದ್ದಾಳೆ ಎಂಬುದು ನನ್ನಂಥ ಮಂಕನಿಗೂ ಅಷ್ಟು ಹೊತ್ತಿಗೆ ತಿಳಿದಿತ್ತು. ನಲವತ್ತನೆಯದು ಮುಗಿದಾಗ ಅವಳು, "ಆವತ್ತು ಒಂದು ಮಾತಿಗೆ ಎಲ್ಲಾ ಕೆಟ್ಟಿತ್ತು. ಅಷ್ಟು ತಮ್ಮ ಆಗಿದ್ದ ಅವನು. ಈಗ ಯಾರೂ ಅಲ್ಲ ಅಂತಾಯ್ತು" ಎಂದಳು.

ಯಾಕೆ ಕೆಡಲಿಲ್ಲ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅವನು ಇವರು ಎಂದದ್ದಕ್ಕೋ, ಅವಳು ಕೈಮುಗಿದದ್ದಕ್ಕೋ, ಅಥವಾ ನಾನು ಬೆರಳು ಮಡಿಸಿ ಹೇಳಿದ್ದೆಲ್ಲ ನಿಜವೇ ಆಗಿತ್ತೋ. ನಾನು ಅವಳ ಮುಂದೆ ಕುಕ್ಕುರುಗಾಲಲ್ಲಿ ಕೂತು, ವ್ಯಾಪಾರಿ ಬರುವ ಹೊತ್ತಾಯಿತು, ಮುಖ ತೊಳೆದುಕೊಳ್ಳಿ ಎಂದೆ. ಕುಟುಂಬದ ವ್ಯಾಪಾರಕ್ಕೆ ಸಲಹೆ ಕೊಡುವವನಿಗೆ ಕುಟುಂಬದ ಬಗ್ಗೆ ಒಂದಕ್ಷರವೂ ಗೊತ್ತಿರಲಿಲ್ಲ.

ಅವಳು ಕಿಟಕಿಯ ಕಡೆ ನೋಡಿದಳು. ನಾನೂ ನೋಡಿದೆ. ಎಂಟು ಗಂಟೆ ಆಗಿರಲಿಲ್ಲ, ಆದರೂ ಗಿರಿ ತನ್ನ ಬಾಗಿಲು ತೆರೆದು ಚಪ್ಪಡಿಯ ಮೇಲೆ ನಿಂತಿದ್ದ. ಕೈಯಲ್ಲಿ ಪೊರಕೆ, ಗುಡಿಸುತ್ತಿರಲಿಲ್ಲ. ಈ ಮನೆಯ ಬಾಗಿಲನ್ನೇ ನೋಡುತ್ತಿದ್ದ. ಹೊನ್ನಗಂಗಮ್ಮ ಎದ್ದಳು. ಮೊದಲ ಜಾಡಿಯನ್ನು ಎರಡೂ ಕೈಯಿಂದ ತಬ್ಬಿ ಎತ್ತಿದಳು. ನಾನು ಅಡ್ಡ ಬಂದು, "ಗಂಗಮ್ಮ, ಇದು ನಿಮ್ಮ ಅಂಗಡಿ, ನಿಮ್ಮ ಅನ್ನ" ಎಂದೆ. "ದಾರಿ ಬಿಡಿ ಮೇಷ್ಟ್ರೇ" ಎಂದಳು. ಆ ದನಿಗೆ ನಾನು ಪಕ್ಕಕ್ಕೆ ಸರಿದೆ.

ಅವಳು ಹೊರಗೆ ಬಂದು, ಬೀದಿಗೆಲ್ಲ ಕೇಳುವಂತೆ ಕೂಗಿದಳು. "ಕೆಟ್ಟೋಯ್ತು ಕಣೋ ಗಿರೀ! ನೀನು ಬಾಯಿ ಬಿಟ್ಟೆ, ಎಲ್ಲಾ ಕೆಟ್ಟೋಯ್ತು! ಒಂದು ಜಾಡೀನೂ ಉಳಿದಿಲ್ಲ ಕಣೋ!" ಹಾಗೆನ್ನುತ್ತಲೇ ಜಾಡಿಯನ್ನು ಬಗ್ಗಿಸಿ ಅಷ್ಟನ್ನೂ ಚರಂಡಿಗೆ ಸುರಿದಳು.

ಬೆಳಗಿನ ಗಾಳಿಗೆ ಗುಲಾಬಿಯ ಪರಿಮಳ ಈ ತುದಿಯಿಂದ ಆ ತುದಿಗೆ ಹರಡಿತು. ಅಷ್ಟು ಹೊತ್ತಿಗೆ ಅಂಗಡಿ ತೆರೆದಿದ್ದವರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ನಿಂತರು. ಹುಳಿಹೆಂಡದ ನಾತ ಹೇಗಿರುತ್ತದೆ ಎಂದು ಆ ಬೀದಿಗೆ ಗೊತ್ತು, ಇದು ಅದಲ್ಲ. ಗಿರಿಗಂತೂ ಆ ಕಸುಬೇ ಕೈಯಲ್ಲಿದೆ, ಮೂಗಿಗೆ ತಾಗಿದ ಕ್ಷಣಕ್ಕೇ ಅವನಿಗೆ ತಿಳಿದಿರಬೇಕು. ಅವನು ಪೊರಕೆಯನ್ನು ಗೋಡೆಗೆ ಒರಗಿಸಿದ. ಹದಿನಾರು ವರ್ಷ ದಾಟದ ಬೀದಿಯನ್ನು ದಾಟಿದ. ಚರಂಡಿಯ ಬಳಿ ನಿಂತು, ಕೆಂಪಗೆ ಹೊಳೆಯುತ್ತಿದ್ದ ಪಕಳೆಗಳನ್ನೂ ಅಕ್ಕನ ಮುಖವನ್ನೂ ನೋಡಿದ. ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಹೆಗಲ ಮೇಲಿನ ಟವೆಲ್ಲನ್ನು ಮೂಗಿಗೆ ಅದುಮಿಕೊಂಡು, "ಥೂ... ಏನ್ ನಾತ ಅಕ್ಕಾ" ಎಂದ.

ಎಡಗಡೆ ಅಂಗಡಿಯಲ್ಲಿ ಫಕ್ರುದ್ದೀನ್ ಸಾಹೇಬರು ಕರವಸ್ತ್ರ ತೆಗೆದು ಮೂಗು ಮುಚ್ಚಿಕೊಂಡರು. ಪಾತ್ರೆಯವನು ಮುಚ್ಚಿಕೊಂಡ, ಬಟ್ಟೆಯವನು ಮುಚ್ಚಿಕೊಂಡ, ಬೇಕರಿಯವರ ಮನೆಯಾಕೆ ಸೆರಗಿನಿಂದ ಮುಚ್ಚಿಕೊಂಡು, "ಅಯ್ಯೋ, ತಡೆಯೋಕಾಗಲ್ಲವ್ವಾ" ಎಂದಳು. ನಾನೂ ಮುಚ್ಚಿಕೊಂಡೆ.

"ಅಂಗಡಿ ಹೋಯ್ತು ಕಣೋ" ಎಂದಳು ಹೊನ್ನಗಂಗಮ್ಮ.

"ಹೋಗ್ಲಿ ಬಿಡು. ಎದುರುಗಡೆ ಒಂದಿದೆಯಲ್ಲ" ಎಂದ ಅವನು. "ಒಳಗೆ ಇನ್ನೂ ಎಷ್ಟಿದೆ ಕೆಟ್ಟಿರೋದು?"

"ಮೂವತ್ತೊಂಬತ್ತು."

"ನೀನೆತ್ತಬೇಡ ಒಬ್ಬಳೇ, ಸೊಂಟ ಹಿಡ್ಕೊಳ್ಳುತ್ತೆ" ಎನ್ನುತ್ತಾ ಅವನು ಅವಳ ಹಿಂದೆಯೇ ಒಳಗೆ ಹೋದ.

ವ್ಯಾಪಾರಿ ಹೇಳಿದ ಹೊತ್ತಿಗೆ ಸರಿಯಾಗಿ ಬಂದ. ಆಗ ಚರಂಡಿಯಲ್ಲಿ ಅರ್ಧಕ್ಕಿಂತ ಹೆಚ್ಚು ಸುಗ್ಗಿ ಹರಿಯುತ್ತಿತ್ತು. ಮೂಗು ಮುಚ್ಚಿಕೊಂಡು ನಿಂತ ಬೀದಿಯನ್ನು ಒಂದು ಸಲ ನೋಡಿ, ನನ್ನ ಬಳಿ ಬಂದು, "ಏನ್ರೀ ಇದು? ಗುಲಾಬಿ ಘಮಘಮ ಅಂತಿದೆಯಲ್ಲ" ಎಂದ.

ನನ್ನ ಬಾಯಲ್ಲಿ ಇನ್ನೂ ಆ ನಲವತ್ತು ಜಾಡಿಯ ರುಚಿ ಇತ್ತು. ಕೆಟ್ಟದ್ದನ್ನು ಚೆನ್ನಾಗಿದೆ ಎಂದು ಹೇಳಿ ಮೂವತ್ತೆಂಟು ವರ್ಷ ಹೊಟ್ಟೆ ಹೊರೆದವನು ನಾನು. ಚೆನ್ನಾಗಿರುವುದನ್ನು ಕೆಟ್ಟಿದೆ ಎಂದು ಹೇಳುವ ಕೆಲಸ ಅದೇ ಮೊದಲು ಸಿಕ್ಕಿತ್ತು. ಅದಕ್ಕೆ ಎಷ್ಟು ಧೈರ್ಯ ಬೇಕೆಂದು ಅಂದೇ ತಿಳಿದದ್ದು. ಕರವಸ್ತ್ರವನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, "ಪೂರ್ತಿ ಕೆಟ್ಟಿದೆ ಸಾರ್. ನಾನೇ ರುಚಿ ನೋಡಿದೆ, ಒಂದೊಂದು ಜಾಡೀನೂ" ಎಂದೆ. ಅವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಇನ್ನೊಂದು ಸಲ ಉಸಿರೆಳೆದುಕೊಂಡು, ಬಸ್‌ಸ್ಟ್ಯಾಂಡಿನ ದಾರಿ ಹಿಡಿದ.

ಒಳಗಿನಿಂದ ಅಕ್ಕ ತಮ್ಮ ಇಬ್ಬರೂ ದೊಡ್ಡ ಜಾಡಿಯೊಂದರ ಎರಡು ಕಿವಿಗಳನ್ನು ಹಿಡಿದುಕೊಂಡು ಬರುತ್ತಿದ್ದರು. ಗಿರಿ ಹಿಮ್ಮುಖವಾಗಿ ನಡೆಯುತ್ತಿದ್ದ. "ನಿಧಾನ ಕಣೋ, ಹೊಸ್ತಿಲು ಎತ್ತರ ಇದೆ, ಎಡವೀಯೆ" ಎಂದಳು ಅವಳು. ಅವನು ತಿರುಗಿಯೂ ನೋಡದೆ ಕಾಲೆತ್ತಿ ದಾಟಿದ. "ನಮ್ಮನೆ ಹೊಸ್ತಿಲು ನನಗೆ ಗೊತ್ತಿ‌ಲ್ವೇನಕ್ಕ" ಎಂದ.